ಹಳೇ ಶಾಲೆಯ ಜಾಗದಲ್ಲಿ ಮರದ ಕೊಠಡಿಗಳು: ನಮ್ಮೂರಿನ ಯೋಜನೆಗೆ ನಿಮ್ಮ ಸಲಹೆ ಬೇಕು

ಗದ್ದೆಬದು:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಿಷಯ ಇದು. ನಾನು ಓದಿದ್ದೂ ಅಲ್ಲೇ, ಈಗ ಮಗಳು ಓದುತ್ತಿರುವುದೂ ಅಲ್ಲೇ. ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದ್ದೇನೆ. ಹಳೇ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ದುಡ್ಡು ಕೂಡಿಸಿದ್ದಾರೆ. ಒಂದು ಕೊಠಡಿ ಕಟ್ಟಿ ಕೈತೊಳೆದುಕೊಳ್ಳುವ ಬದಲು ಇಡೀ ಆವರಣವನ್ನೇ ಹೊಸದಾಗಿ ಯೋಚಿಸೋಣ ಅಂತ ಮಾತಾಗಿದೆ.

ಈಗ ಇರುವುದು ಇಷ್ಟು. ಮುಂದೆ ಜಂಬಿಟ್ಟಿಗೆ ಗೋಡೆಯ, ಮಂಗಳೂರು ಹೆಂಚಿನ ಉದ್ದನೆ ಕಟ್ಟಡ. ಹಿಂದೆ ಆಮೇಲೆ ಕಟ್ಟಿದ ಎರಡು ಕೊಠಡಿ. ಹಳೇ ಕಟ್ಟಡದ ಒಂದು ಬದಿಯ ಗೋಡೆ ದೊಡ್ಡದಾಗಿ ಬಿರುಕು ಬಿಟ್ಟಿದೆ, ಆದರೆ ಮಾಡಿನ (ಛಾವಣಿಯ) ಮರ ಇನ್ನೂ ಗಟ್ಟಿ. ಹಿಂದಿನ ಕೊಠಡಿಗಳಲ್ಲಿ ಒಂದರ ಸ್ಲ್ಯಾಬ್ ಸೋರುತ್ತದೆ. ಇನ್ನೊಂದಕ್ಕೆ ತಗಡಿನ ಶೀಟು. ಆಷಾಢದ ಮಳೆ ಹಿಡಿಯಿತು ಅಂದರೆ ಅಲ್ಲಿ ಮುಂದಿನ ಸಾಲಿನ ಮಕ್ಕಳಿಗೂ ಟೀಚರ್ ಮಾತು ಕೇಳುವುದಿಲ್ಲ.

ನಮ್ಮೂರಿನ ಹುಡುಗಿಯೊಬ್ಬಳು ಆರ್ಕಿಟೆಕ್ಟ್ ಆಗಿದ್ದಾಳೆ. ಅವಳು ನಕ್ಷೆ ಮಾಡಿಕೊಟ್ಟಿದ್ದಾಳೆ. ಎದುರುಬದುರು ಎರಡು ಮರದ ಕಟ್ಟಡ, ನಡುವೆ ಅಂಗಳ. ಒಂದೊಂದಕ್ಕೂ ಆರು ಅಂಕಣ, ಅಂದರೆ ಕಂಬಗಳ ನಡುವಿನ ಭಾಗ. ಕಂಬದಿಂದ ಕಂಬಕ್ಕೆ 10 ಅಡಿ, ಅಗಲ 22 ಅಡಿ. ಎರಡು ಅಂಕಣಕ್ಕೆ ಒಂದು ಕ್ಲಾಸು. ಭಾರವೆಲ್ಲ ಕಂಬ, ತೊಲೆಗಳ ಮೇಲೆ. ನಡುವಿನ ಗೋಡೆ ಏನನ್ನೂ ಹೊರುವುದಿಲ್ಲ, ಹಾಗಾಗಿ ಬೇಕಾದಾಗ ಅದನ್ನು ತೆಗೆಯಬಹುದು, ಜರುಗಿಸಬಹುದು. ಸುತ್ತ ಅಗಲವಾದ ಜಗಲಿ. ಹಳೇ ಕಟ್ಟಡದ ತೊಲೆ, ಹೆಂಚು ಆದಷ್ಟೂ ಇದಕ್ಕೇ ಬಳಕೆ.

ನನಗೆ ಇದು ಇಷ್ಟವಾಗಿದ್ದಕ್ಕೆ ಕಾರಣ ಇದೆ. ನಮ್ಮ ಶಾಲೆಯಲ್ಲಿ ಯಾವ ವರ್ಷ ಎಷ್ಟು ಮಕ್ಕಳು ಅಂತ ಹೇಳಲಿಕ್ಕೆ ಬರುವುದಿಲ್ಲ. ಒಂದು ವರ್ಷ ಎರಡು ತರಗತಿ ಸೇರಿಸಿ ಕೂರಿಸುತ್ತಾರೆ. ಮುಂದಿನ ವರ್ಷ ಎಲ್‌ಕೆಜಿ ಶುರು ಮಾಡಿ ಅನ್ನುತ್ತಾರೆ. ಅಂಗನವಾಡಿಯೂ ಇದೇ ಆವರಣಕ್ಕೆ ಬರುವ ಮಾತಿದೆ. ವಾರ್ಷಿಕೋತ್ಸವಕ್ಕೆ ದೊಡ್ಡ ಜಾಗ ಬೇಕು, ಚುನಾವಣೆ ಬಂದರೆ ಮತಗಟ್ಟೆಗೂ ಬೇಕು. ಸಿಮೆಂಟ್ ಕೊಠಡಿಯನ್ನು ಕಟ್ಟಿದ ಮೇಲೆ ಅದು ಇದ್ದ ಹಾಗೇ ಇರಬೇಕು, ನಾವೇ ಹೊಂದಿಕೊಳ್ಳಬೇಕು.

ಊರಲ್ಲಿ ಅರ್ಧ ಜನ ಬೇಡ ಅನ್ನುತ್ತಿದ್ದಾರೆ. ಬೆಂಕಿ, ಗೆದ್ದಲು, ಇಲಾಖೆ ಒಪ್ಪಿಗೆ ಅಂತ ಮೂರು ಪ್ರಶ್ನೆ ಮತ್ತೆ ಮತ್ತೆ ಬರುತ್ತಿವೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ.

ತುಂಗೆಮಗಳು:

ಅಣ್ಣಾ, ನಾನೂ ಶಾಲೆಗೆ ಮಕ್ಕಳನ್ನು ಕಳಿಸುವವಳು. ಮರದ ಶಾಲೆ ಅಂದ ತಕ್ಷಣ ನನಗೆ ನೆನಪಾಗಿದ್ದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಗೆ ಬೆಂಕಿ ಬಿದ್ದದ್ದು. 2004ರ ಜುಲೈ 16. ತೊಂಬತ್ನಾಲ್ಕು ಮಕ್ಕಳು ತೀರಿಕೊಂಡರು. ಅವತ್ತು ಟಿವಿಯಲ್ಲಿ ನೋಡಿದ್ದು ಇವತ್ತಿಗೂ ಮರೆತಿಲ್ಲ. ಬಿಸಿಯೂಟದ ಒಲೆಯ ಬೆಂಕಿ ಮಾಡಿಗೆ ಹತ್ತಿದ್ದಲ್ವಾ? ನಮ್ಮ ಶಾಲೆಗಳಲ್ಲೂ ಅಡುಗೆಮನೆ ಪಕ್ಕದಲ್ಲೇ ಇರುತ್ತದೆ. ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ನಾನಂತೂ ಒಪ್ಪುವುದಿಲ್ಲ.

ಅಂದಾಜುಪಟ್ಟಿ:

ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಎಂಜಿನಿಯರ್ ಆಗಿ ಸರ್ಕಾರಿ ಕಟ್ಟಡಗಳ ಕೆಲಸ ಮಾಡಿ ನಿವೃತ್ತನಾದವನು. ಕುಂಭಕೋಣಂನಲ್ಲಿ ಉರಿದದ್ದು ಗರಿಯ ಮಾಡು. ಒಣಗಿದ ಗರಿಗೆ ಕಿಡಿ ತಾಗಿದರೆ ತಡೆಯುವುದಕ್ಕೆ ಸಮಯವೇ ಇರುವುದಿಲ್ಲ. ಅದರ ಜೊತೆಗೆ ಮಹಡಿ ಮೇಲೆ ತರಗತಿ, ಇಳಿಯಲಿಕ್ಕೆ ಇಕ್ಕಟ್ಟಾದ ಮೆಟ್ಟಿಲು, ಒಂದೇ ಕಟ್ಟಡದಲ್ಲಿ ತುಂಬಿಸಿಟ್ಟ ಮಕ್ಕಳು. ಜೀವ ತೆಗೆದದ್ದು ಇದೆಲ್ಲ ಸೇರಿ.

ದಪ್ಪ ಮರ ಉರಿಯುವ ರೀತಿ ಬೇರೆ. ಎಂಟು ಇಂಚಿನ ಕಂಬಕ್ಕೆ ಬೆಂಕಿ ಹತ್ತಿದರೆ ಹೊರಗೆ ಕರಿ ಇದ್ದಿಲಿನ ಪದರ ಕಟ್ಟುತ್ತದೆ. ಆ ಪದರವೇ ಒಳಗಿನ ಮರಕ್ಕೆ ಶಾಖ ಹೋಗುವುದನ್ನು ನಿಧಾನ ಮಾಡುತ್ತದೆ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್ ಲೆಕ್ಕದಲ್ಲಿ ಸುಡುತ್ತದೆ ಅಂತ ಇಟ್ಟುಕೊಂಡು ನಾವು ಅಳತೆ ಹಾಕುವುದು. ಅರ್ಧ ಗಂಟೆಗೆ ಒಂದೊಂದು ಮುಖದಲ್ಲಿ ಎರಡು ಸೆಂಟಿಮೀಟರ್ ಹೋಯಿತು ಅನ್ನಿ. ಉಳಿದದ್ದು ಮಾಡನ್ನು ಹೊತ್ತೇ ನಿಂತಿರುತ್ತದೆ. ಶೀಟಿನ ಮಾಡಿಗೆ ಹಾಕುವ ತೆಳು ಕಬ್ಬಿಣದ ಕೋನಗಳು ಅದೇ ಬೆಂಕಿಯಲ್ಲಿ ಮೆತ್ತಗಾಗಿ ಬಾಗಿಬಿಡುತ್ತವೆ.

ಆದರೆ ಇದನ್ನು ಕೇಳಿ ಯಾರೂ ನಿರಾಳವಾಗಬೇಡಿ. ದಪ್ಪ ಕಂಬಕ್ಕೆ ಹೇಳಿದ್ದು ತೆಳು ಹಲಗೆಗೆ, ಪ್ಲೈವುಡ್ಡಿಗೆ, ಜಗಲಿಗೆ ಕಟ್ಟುವ ಸೋಗೆ ತಟ್ಟಿಗೆ ಹೊಂದುವುದಿಲ್ಲ. ಹಾಗಾಗಿ ನನ್ನ ಷರತ್ತು ಇವು. ಒಂದೇ ಅಂತಸ್ತು. ಪ್ರತಿ ಕೋಣೆಗೂ ಎರಡು ಬಾಗಿಲು, ಎರಡೂ ಹೊರಗೆ ತೆರೆಯಬೇಕು, ಒಂದಕ್ಕೂ ಶಾಲೆ ನಡೆಯುವಾಗ ಬೀಗ ಬೇಡ. ಅಡುಗೆಮನೆ ಬೇರೆ ಕಡೆ, ಅದಕ್ಕೆ ಜಂಬಿಟ್ಟಿಗೆ ಗೋಡೆಯೇ ಇರಲಿ. ಕರೆಂಟಿನ ವೈರು ಪೈಪಿನೊಳಗೆ. ಸೋಗೆ ತಟ್ಟಿ ಯಾವ ಕಾರಣಕ್ಕೂ ಬೇಡ. ಮಳೆಗೆ ಮರೆ ಬೇಕಾದರೆ ಮಾಡನ್ನೇ ಇನ್ನೂ ಎರಡು ಅಡಿ ಇಳಿಸಿ.

ಒಪ್ಪಿಗೆ ವಿಷಯ ಸಂಜೆ ಬರೆಯುತ್ತೇನೆ. ಅದು ಉದ್ದ ಇದೆ.

ಬಯಲುಸೀಮೆ:

ಸುಮ್ನೆ ಕೇಳ್ತೀನಿ, ಖರ್ಚು ಜಾಸ್ತಿ ಆಗಲ್ವಾ? ನಮ್ಮ ಕಡೆ ತೇಗದ ಬಾಗಿಲು ಒಂದಕ್ಕೇ ಜನ ಬೆಚ್ಚಿ ಬೀಳುತ್ತಾರೆ. ಇಡೀ ಶಾಲೆಗೆ ಮರ ಅಂದರೆ ಎಲ್ಲಿಂದ ತರುತ್ತೀರಿ? ಕಾಡು ಉಳಿಸಿ ಅಂತ ಮಕ್ಕಳಿಗೆ ಪಾಠ ಮಾಡುವ ಕೋಣೆಯನ್ನು ಕಾಡು ಕಡಿದು ಕಟ್ಟುವುದು ನನಗಂತೂ ಸರಿ ಕಾಣಲಿಲ್ಲ.

ಗದ್ದೆಬದು:

ಕಾಡಿನ ಮರ ಒಂದೂ ಬೇಡ ಅಂತ ಮೊದಲ ಸಭೆಯಲ್ಲೇ ತೀರ್ಮಾನ ಆಗಿದೆ. ಹಳೇ ಕಟ್ಟಡದ ಮರ ಇದೆ. ಉಳಿದದ್ದು ತೋಟದಲ್ಲಿ, ನೆಡುತೋಪಿನಲ್ಲಿ ಬೆಳೆದದ್ದು. ಖರ್ಚು ಜಾಸ್ತಿ ಆಗುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಎರಡು ಕಟ್ಟಡ ಒಟ್ಟಿಗೆ ಬೇಡ, ಮೊದಲು ಒಂದು ಅಂತ ಯೋಚನೆ.

ದಕ್ಷಿಣದ್ವೀಪ:

ಕ್ರೈಸ್ಟ್‌ಚರ್ಚ್‌ನಿಂದ ಬರೆಯುತ್ತಿದ್ದೇನೆ. ಮೂಲತಃ ಸಾಗರದವನು, ಇಲ್ಲಿ ಕಟ್ಟಡ ಕೆಲಸದಲ್ಲೇ ಇದ್ದೇನೆ. ನೀವು ಮಾಡಹೊರಟಿದ್ದನ್ನು ಈ ದೇಶ ದೊಡ್ಡ ಪ್ರಮಾಣದಲ್ಲಿ ಮಾಡಿ, ಪೆಟ್ಟೂ ತಿಂದು, ಈಗ ತಿದ್ದಿಕೊಳ್ಳುತ್ತಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನ್ಯೂಜಿಲೆಂಡ್‌ನಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಶಾಲೆಗೆ ಬರುವ ಮಕ್ಕಳು ಒಮ್ಮೆಲೇ ಹೆಚ್ಚಿದರು. ಸರ್ಕಾರ ಒಂದೇ ಮಾದರಿಯ ಮರದ ಬ್ಲಾಕುಗಳನ್ನು ದೇಶದ ತುಂಬ ಕಟ್ಟಿಸಿತು. ಡೊಮಿನಿಯನ್ ಬೇಸಿಕ್, ಅವಲಾನ್, ನೆಲ್ಸನ್ ಅಂತ ಆ ಮಾದರಿಗಳಿಗೆ ಹೆಸರು. ಇವತ್ತಿಗೂ ಎಷ್ಟೋ ಮಕ್ಕಳು ಅವುಗಳಲ್ಲೇ ಓದುತ್ತಾರೆ.

2011ರ ಫೆಬ್ರವರಿ 22ರಂದು ಈ ಊರಲ್ಲಿ ಭೂಕಂಪವಾಗಿ 185 ಜನ ತೀರಿಕೊಂಡರು. ಆಮೇಲೆ ಹಳೇ ಶಾಲೆಗಳ ಬಗ್ಗೆ ಎಲ್ಲರಿಗೂ ಭಯ. ಅವಲಾನ್ ಬ್ಲಾಕಿನ ಉದ್ದಕ್ಕೂ ದೊಡ್ಡ ಕಿಟಕಿಗಳು, ಗಟ್ಟಿ ಗೋಡೆ ಕಡಿಮೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ದುರ್ಬಲ ಅಂತಲೇ ಬರುತ್ತಿತ್ತು. 2013ರಲ್ಲಿ ಕಾರ್ಟರ್ಟನ್ ಅನ್ನುವ ಊರಲ್ಲಿ ಕೆಡವಬೇಕಿದ್ದ ಒಂದು ಬ್ಲಾಕನ್ನು ಯಂತ್ರ ಹಚ್ಚಿ ನಿಜವಾಗಿಯೇ ಅಡ್ಡಕ್ಕೆ ಎಳೆದು ನೋಡಿದರು. ಲೆಕ್ಕ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ತಡೆಯಿತು. ಮರದ ಚೌಕಟ್ಟಿನಲ್ಲಿ ಪ್ರತಿ ಮೊಳೆ, ಪ್ರತಿ ಹಲಗೆ, ಕಿಟಕಿಯ ಚೌಕಟ್ಟು ಕೂಡ ಸ್ವಲ್ಪ ಸ್ವಲ್ಪ ಭಾರ ಹಂಚಿಕೊಳ್ಳುತ್ತವೆ. ಆ ಲೆಕ್ಕ ಕಾಗದಕ್ಕೆ ಸುಲಭಕ್ಕೆ ಸಿಗುವುದಿಲ್ಲ.

ಇದು ಒಳ್ಳೇ ಸುದ್ದಿ. ಈಗ ಪೆಟ್ಟು ತಿಂದ ವಿಷಯ.

ಮೊದಲನೆಯದು ನೀರು. 1990ರ ದಶಕದ ಕೊನೆಯಲ್ಲಿ ಔಷಧಿ ಹಾಕದ ಪೈನ್ ಮರವನ್ನು ಗೋಡೆಯೊಳಗೆ ಬಳಸಲಿಕ್ಕೆ ಇಲ್ಲಿ ಅವಕಾಶ ಸಿಕ್ಕಿತು. ಅದೇ ಹೊತ್ತಿಗೆ ಮಾಡು ಹೊರಗೆ ಚಾಚದ, ಪೆಟ್ಟಿಗೆಯಂಥ ಕಟ್ಟಡಗಳ ಫ್ಯಾಷನ್ ಬಂತು. ಗೋಡೆಯ ಹೊರಗಿನ ಹೊದಿಕೆಯಲ್ಲಿ ಕೂದಲೆಳೆ ಸಂದಿಯಿಂದ ಒಳಗೆ ಹೋದ ನೀರಿಗೆ ಹೊರಬರಲು ದಾರಿ ಇರಲಿಲ್ಲ. ಒಳಗಿನ ಮರ ಕಾಣದ ಹಾಗೆ ಕೊಳೆಯಿತು. ಸಾವಿರಾರು ಮನೆ, ಅದರ ಜೊತೆಗೆ ಶಾಲೆಗಳೂ. 2004ರಲ್ಲಿ ನಿಯಮ ಬದಲಾಯಿಸಿ ಮತ್ತೆ ಔಷಧಿ ಕಡ್ಡಾಯ ಮಾಡಿದರು. ನಮ್ಮ ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಕ್ರೈಸ್ಟ್‌ಚರ್ಚ್‌ನಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಯೋಚನೆ ಮಾಡಿ. ನಕ್ಷೆಯಲ್ಲಿ ಮರವನ್ನು ಒಳಗೆ ಮುಚ್ಚಿಟ್ಟ ಜಾಗ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬಿಚ್ಚಿಡಿ. ಕಂಬ, ತೊಲೆ, ಜಂತೆ ಎಲ್ಲ ಕಣ್ಣಿಗೆ ಕಾಣಲಿ, ಗಾಳಿ ಆಡಲಿ.

ಎರಡನೆಯದು ಈ ಬದಲಾಗುವ ಕೋಣೆಯ ವಿಷಯ. ಭೂಕಂಪದ ನಂತರ ಇಲ್ಲಿ ಶಾಲೆಗಳನ್ನು ಹೊಸದಾಗಿ ಕಟ್ಟುವಾಗ ಗೋಡೆಯೇ ಇಲ್ಲದ ದೊಡ್ಡ ಹಾಲ್‌ಗಳು ಬಂದವು. ಎರಡು ಮೂರು ತರಗತಿ, ಅಷ್ಟೇ ಜನ ಟೀಚರ್‌ಗಳು, ಎಲ್ಲ ಒಂದೇ ಕಡೆ. ಫೋಟೋದಲ್ಲಿ ತುಂಬ ಚೆನ್ನಾಗಿ ಕಾಣುತ್ತದೆ. ನನ್ನ ಮಗ ಅಂಥದ್ದರಲ್ಲೇ ಓದಿದ್ದು. ಮನೆಗೆ ಬಂದು ತಲೆನೋವು ಅನ್ನುತ್ತಿದ್ದ. ಗದ್ದಲದಲ್ಲಿ ಗಮನ ಇಡಲು ಕಷ್ಟಪಡುವ ಮಕ್ಕಳಿಗೆ, ಕಿವಿ ಮಂದ ಇರುವ ಮಕ್ಕಳಿಗೆ ಅದು ನರಕ. ಕೆಲವು ಶಾಲೆಗಳು ಆಮೇಲೆ ತಾವೇ ಗೋಡೆ ಹಾಕಿಸಿಕೊಂಡವು. 2025ರ ಜುಲೈನಲ್ಲಿ ಸರ್ಕಾರವೇ ಹೇಳಿತು: ಇನ್ನು ಗೋಡೆಯಿಲ್ಲದ ಹಾಲ್ ಕಟ್ಟುವುದಿಲ್ಲ, ಮಾಮೂಲಿ ಕೋಣೆಗಳೇ, ಬೇಕಿದ್ದರೆ ತೆರೆದುಕೊಳ್ಳುವ ಜಾರು ಬಾಗಿಲು.

ಗೋಡೆ ತೆಗೆಯಲು ಬರುವುದು ಒಳ್ಳೆಯದು. ಗೋಡೆ ಹಾಕಲು ಬರುವುದು ಅದಕ್ಕಿಂತ ಮುಖ್ಯ. ದಿನನಿತ್ಯ ಮುಚ್ಚಿಯೇ ಇರುತ್ತದೆ, ಅಪರೂಪಕ್ಕೆ ತೆರೆಯುತ್ತೇವೆ ಅಂತ ಲೆಕ್ಕ ಇಟ್ಟು ಕಟ್ಟಿ.

ಕಲಿಕಾಚಪ್ಪರ:

ದಕ್ಷಿಣದ್ವೀಪ ಸರ್ ಬರೆದದ್ದನ್ನು ಎರಡು ಸಲ ಓದಿದೆ. ನಾನು ನಲಿಕಲಿ ಟೀಚರ್. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಒಟ್ಟಿಗೆ ಕೂತು ಗುಂಪುಗಳಲ್ಲಿ ಕಲಿಯುವ ಪದ್ಧತಿ ಅದು. ಬದಲಾಗುವ ತರಗತಿ ಅನ್ನುವುದು ನಮಗೆ ಹೊರದೇಶದಿಂದ ಬರಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯೇ ಅದು. ಅದಕ್ಕೆ ತಕ್ಕ ಕೋಣೆಯನ್ನು ಮಾತ್ರ ಯಾರೂ ಕಟ್ಟಿಕೊಡಲಿಲ್ಲ.

ನನ್ನ ಕೋಣೆಯಲ್ಲಿ ಒಂದು ಬೆಳಿಗ್ಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಮಕ್ಕಳು ಕಲಿಕಾ ಏಣಿ ನೋಡಿ ತಮ್ಮ ಕಾರ್ಡು ತೆಗೆದುಕೊಳ್ಳುತ್ತಾರೆ. ಕಾರ್ಡಿನ ಚಿಹ್ನೆಗೆ ತಕ್ಕ ಗುಂಪಿಗೆ ಹೋಗಿ ಕೂರುತ್ತಾರೆ. ಒಂದು ಗುಂಪಿಗೆ ನಾನು ಪೂರ್ತಿ ಜೊತೆಗಿರಬೇಕು. ಇನ್ನೊಂದಕ್ಕೆ ಆಗಾಗ ನೋಡಿದರೆ ಸಾಕು. ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಒಂದು ಗುಂಪು ಸುಮ್ಮನೆ ತಾವೇ ಬರೆಯುತ್ತಾ ಕೂತಿರುತ್ತದೆ. ಅರ್ಧ ಗಂಟೆಗೆ ಗುಂಪುಗಳು ಬದಲಾಗುತ್ತವೆ. ತಲೆ ಮೇಲೆ ಹಗ್ಗ ಕಟ್ಟಿ ಮಕ್ಕಳ ಕೆಲಸ ನೇತುಹಾಕಿದ ಚಪ್ಪರ. ಗೋಡೆಯ ಕೆಳಗೆ ಒಬ್ಬೊಬ್ಬರಿಗೂ ಅಷ್ಟಷ್ಟು ಕರಿ ಹಲಗೆ.

ಇದಕ್ಕೆ ಬೇಕಾದದ್ದು ಏನು? ನೆಲದ ಮೇಲೆ ಕೂತರೆ ಥಂಡಿ ಹೊಡೆಯಬಾರದು. ನಮ್ಮಲ್ಲಿ ಮಳೆಗಾಲದಲ್ಲಿ ನೆಲ ಬೆವರುತ್ತದೆ, ಚಾಪೆ ಒದ್ದೆಯಾಗುತ್ತದೆ. ಮರದ ನೆಲ ಆದರೆ ಮಕ್ಕಳು ನೆಮ್ಮದಿಯಾಗಿ ಕೂರಬಹುದು. ಎರಡನೆಯದು, ಒಂದು ಗುಂಪು ಹಾಡುವಾಗ ಇನ್ನೊಂದು ಜಗಲಿಗೆ ಹೋಗಿ ಕೂತುಕೊಳ್ಳಬೇಕು, ಆದರೆ ನನ್ನ ಕಣ್ಣಿಗೆ ಕಾಣಬೇಕು. ಹಾಗಾಗಿ ಜಗಲಿ ಕಡೆಯ ಕಿಟಕಿ ಮಕ್ಕಳ ಎತ್ತರಕ್ಕೆ ಇರಲಿ. ಎರಡು ಅಡಿ ಎತ್ತರದಿಂದ ಶುರುವಾಗಲಿ.

ಮೂರನೆಯದು ಶಬ್ದ. ಹಳೇ ಹೆಂಚಿನ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ನಡುಗೋಡೆ ತೊಲೆಯ ಮಟ್ಟಕ್ಕೆ ನಿಂತುಬಿಡುತ್ತದೆ. ಅದರ ಮೇಲೆ ಹೆಂಚಿನವರೆಗೂ ಖಾಲಿ. ಪಕ್ಕದ ಕೋಣೆಯ ಏಳರ ಮಗ್ಗಿ ಪೂರ್ತಿ ನನ್ನ ಕೋಣೆಯಲ್ಲೇ ಹೇಳಿಕೊಟ್ಟ ಹಾಗೆ ಕೇಳುತ್ತಿತ್ತು. ನಿಮ್ಮ ಹೊಸ ನಕ್ಷೆಯಲ್ಲಿ ನಡುಗೋಡೆ ಮಾಡಿನವರೆಗೂ ಹೋಗುತ್ತದೆಯೋ ಇಲ್ಲವೋ, ದಯವಿಟ್ಟು ಮೊದಲು ಅದನ್ನು ನೋಡಿ.

ಗದ್ದೆಬದು:

ಮೇಡಂ, ಈಗ ತಾನೇ ನಕ್ಷೆ ತೆಗೆದು ನೋಡಿದೆ. ಹೋಗುವುದಿಲ್ಲ. ಏಳು ಅಡಿಗೆ ನಿಲ್ಲುತ್ತದೆ. ಆರ್ಕಿಟೆಕ್ಟ್‌ಗೆ ಈಗಲೇ ಕಳಿಸುತ್ತೇನೆ. ಇಂಥದ್ದಕ್ಕೇ ಇಲ್ಲಿ ಕೇಳಿದ್ದು.

ಉತ್ತರದಚಳಿ:

ಫಿನ್‌ಲ್ಯಾಂಡಿನಿಂದ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಪುದಾಸ್‌ಯಾರ್ವಿ ಅನ್ನುವ ಸಣ್ಣ ಊರಿನ ಶಾಲೆಗಳಲ್ಲಿ ಬೂಷ್ಟು ಹಿಡಿದು ಒಳಗಿನ ಗಾಳಿಯೇ ಕೆಟ್ಟಿತ್ತು. ಊರಿನವರು 2016ರಲ್ಲಿ ಇಡೀ ಶಾಲೆಯನ್ನು ಮರದ ದಿಮ್ಮಿಗಳಲ್ಲೇ ಕಟ್ಟಿಕೊಂಡರು. ಮರ ಎಂದರೆ ಬಡವರ ಕಟ್ಟಡ ಅನ್ನುವ ಭಾವನೆ ಇಲ್ಲಿ ಇಲ್ಲ. ನಮ್ಮ ಕಡೆ ಅದೇ ದೊಡ್ಡ ಅಡ್ಡಿ ಅನ್ನಿಸುತ್ತದೆ.

ಅಂದಾಜುಪಟ್ಟಿ:

ಒಪ್ಪಿಗೆ ವಿಷಯ. ಉತ್ತರದಚಳಿ ಹೇಳಿದ ಅಡ್ಡಿ ಬರೀ ಮನಸ್ಸಿನಲ್ಲಿ ಇರುವುದಲ್ಲ, ಕಾಗದದಲ್ಲೂ ಇತ್ತು. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನೇ ನಿಲ್ಲಿಸಿತು. ಕಾಡು ಉಳಿಯಲಿ ಅನ್ನುವ ಉದ್ದೇಶ. ಅದರ ಬದಲಿಗೆ ಸ್ಟೀಲು, ಅಲ್ಯೂಮಿನಿಯಂ ಬಂತು. 2020ರಲ್ಲಿ ಪರಿಸರ ಸಚಿವಾಲಯದವರೇ ಕೇಳಿಕೊಂಡ ಮೇಲೆ ಆ ನಿಷೇಧ ತೆಗೆದರು. ರೈತರು ಬೆಳೆಸಿದ ಮರಕ್ಕೆ ಬೆಲೆ ಸಿಗಲಿ ಅಂತ. ನಡುವಿನ ಆ ವರ್ಷಗಳಲ್ಲಿ ಕೆಲಸಕ್ಕೆ ಸೇರಿದ ಎಂಜಿನಿಯರ್‌ಗಳಲ್ಲಿ ಎಷ್ಟು ಜನ ಮರದ ತೊಲೆಗೆ ಲೆಕ್ಕ ಹಾಕಿರುತ್ತಾರೆ ಹೇಳಿ. ನಿಷೇಧ ಕೇಂದ್ರದ್ದು, ಆದರೆ ಅಭ್ಯಾಸ ಎಲ್ಲ ಕಡೆ ಹರಡಿತು.

ಜಪಾನಿನಲ್ಲೂ ಹೀಗೇ ಆಗಿತ್ತು. 1959ರ ದೊಡ್ಡ ಚಂಡಮಾರುತದ ನಂತರ ಅಲ್ಲಿ ಮರದ ಶಾಲೆಗಳನ್ನು ಬಿಟ್ಟು ಕಾಂಕ್ರೀಟಿಗೆ ಹೋದರು. ಯುದ್ಧದ ನಂತರ ನೆಟ್ಟ ಮರಗಳು ಬೆಳೆದು ನಿಂತ ಮೇಲೆ, 2010ರಲ್ಲಿ, ಸಣ್ಣ ಎತ್ತರದ ಸರ್ಕಾರಿ ಕಟ್ಟಡಗಳನ್ನು ಆದಷ್ಟೂ ಮರದಲ್ಲೇ ಕಟ್ಟಿ ಅಂತ ಕಾಯ್ದೆಯನ್ನೇ ತಂದರು.

ನಿಮ್ಮ ಕೆಲಸಕ್ಕೆ ಬೇಕಾದದ್ದು ಇದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮರಕ್ಕೆ ಬೇರೆ ಭಾಗವೇ ಇದೆ. ಅದರ ಪ್ರಕಾರ ಲೆಕ್ಕ ಹಾಕಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿಸಿ ಕೊಡಿ. ಮೇಜಿನ ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಒಂದು ಕಾಗದ ಬೇಕು, ಅಷ್ಟೇ. ಇಲಾಖೆಯ ಎಸ್‌ಆರ್ (ನಿಗದಿತ ದರ) ಪಟ್ಟಿಯಲ್ಲಿ ಇಲ್ಲದ ಕೆಲಸಗಳಿಗೆ ಮಾರುಕಟ್ಟೆ ದರ ಹಾಕಿ ವಿವರ ಬರೆಯಬೇಕಾಗುತ್ತದೆ. ರ್‍ಯಾಂಪ್ ಮರೆಯಬೇಡಿ. ಮರದ ನೆಲ ಮಾಡಿದರೆ ಜಗಲಿ ಎತ್ತರವಾಗುತ್ತದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ರ್‍ಯಾಂಪ್ ಬೇಕು. ಅಡೆತಡೆಯಿಲ್ಲದ ದಾರಿ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಇನ್ನೊಂದು, ಇದು ಬಹಳ ಮುಖ್ಯ. ಹಳೇ ಕಟ್ಟಡದ ತೊಲೆ, ಹೆಂಚು ಸರ್ಕಾರದ ಆಸ್ತಿ. ಕೆಡವಿದ ಮೇಲೆ ಅದನ್ನು ಹರಾಜು ಹಾಕುವುದು ರೂಢಿ. ಹರಾಜಾದರೆ ನಿಮ್ಮ ತೊಲೆ ಯಾರದ್ದೋ ಹೋಂಸ್ಟೇ ಸೇರುತ್ತದೆ. ಹಾಗಾಗಿ ಕೆಡವುವ ಮೊದಲೇ, ಇವನ್ನು ಇದೇ ಶಾಲೆಗೆ ಮರುಬಳಕೆ ಮಾಡುತ್ತೇವೆ ಅಂತ ಅಂದಾಜುಪಟ್ಟಿಯಲ್ಲೇ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಪ್ರತಿ ತೊಲೆಗೂ ನಂಬರು ಹಾಕಿ ಫೋಟೋ ತೆಗೆದಿಡಿ.

ಉಳಿಬಾಚಿ:

ನಾನು ಮರಗೆಲಸದವನು. ಅಪ್ಪ, ಅಜ್ಜ ಎಲ್ಲ ಇದೇ ಕೆಲಸ. ಹಳೇ ಶಾಲೆ ಬಿಚ್ಚುವ ದಿನ ನನಗೆ ಹೇಳಿ, ಬರುತ್ತೇನೆ. ತೊಲೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದರೆ ಒಳಗೆ ಟೊಳ್ಳೋ ಗಟ್ಟಿಯೋ ಗೊತ್ತಾಗುತ್ತದೆ. ಗೋಡೆಯೊಳಗೆ ಹೂತಿದ್ದ ತುದಿ ಸಾಮಾನ್ಯವಾಗಿ ಹೋಗಿರುತ್ತದೆ, ನಡುಭಾಗ ಚೆನ್ನಾಗಿರುತ್ತದೆ. ಎರಡೂ ತುದಿ ಒಂದೊಂದು ಅಡಿ ಕೊಯ್ದರೂ ನಿಮ್ಮ 10 ಅಡಿ ಅಂಕಣಕ್ಕೆ ಸಾಕಾಗುತ್ತದೆ.

ಗೆದ್ದಲು ಮಣ್ಣಿನಿಂದ ಬರುವುದು. ಬೆಳಕಿಗೆ ಅದು ಬರುವುದಿಲ್ಲ, ಮಣ್ಣಿನ ಗೂಡು ಕಟ್ಟಿಕೊಂಡು ಅದರೊಳಗೇ ಹತ್ತುತ್ತದೆ. ನಮ್ಮ ಹಿರಿಯರು ಕಂಬದ ಕೆಳಗೆ ಕಲ್ಲು ಇಟ್ಟಿದ್ದು ಇದಕ್ಕೇ. ಒಂದೂವರೆ ಅಡಿ ಕಲ್ಲು ನೆಲದ ಮೇಲೆ ಕಾಣಬೇಕು. ಗೆದ್ದಲು ಅದರ ಮೇಲೆ ಹತ್ತಲಿಕ್ಕೆ ಶುರು ಮಾಡಿದರೆ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ, ಪೊರಕೆಯಲ್ಲಿ ಗುಡಿಸಿ ಹಾಕಬಹುದು. ಕಲ್ಲಿನ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ ಚಂದ ಮಾಡಿದರೆ ಕೆಟ್ಟಿತು. ಗೆದ್ದಲು ಅದರ ಹಿಂದೆ ಹತ್ತಿದ್ದು ಮಾಡು ಕುಸಿದ ಮೇಲೇ ಗೊತ್ತಾಗುವುದು. ಮರದ ನೆಲ ಮಾಡುವುದಾದರೂ ಅದರ ಕೆಳಗೆ ಒಬ್ಬ ಮನುಷ್ಯ ತೆವಳಿಕೊಂಡು ಹೋಗಿ ನೋಡುವಷ್ಟು ಜಾಗ ಬಿಡಿ.

ಕಂಬಕ್ಕೆ ತೊಲೆ ಕೂಡಿಸುವಾಗ ಕಂಬದಲ್ಲಿ ತೂತು ಕೊರೆದು, ತೊಲೆಯ ತುದಿ ಕೂರಿಸಿ, ಮರದ ಗೂಟ ಹೊಡೆಯುತ್ತೇವೆ. ನಲವತ್ತು ವರ್ಷದ ನಂತರ ಗೂಟ ತೆಗೆದರೆ ತೊಲೆ ಹೊರಗೆ ಬರುತ್ತದೆ. ಎಂಜಿನಿಯರ್ ಸಾಹೇಬರು ಬೋಲ್ಟ್ ಬೇಕು ಅಂದರೆ ಬೋಲ್ಟ್ ಹಾಕೋಣ, ಆದರೆ ಅಂಟು, ವೆಲ್ಡಿಂಗ್ ಬೇಡ. ಬಿಚ್ಚಲು ಬರದಿದ್ದರೆ ರಿಪೇರಿಯೂ ಬರುವುದಿಲ್ಲ.

ಈಗ ನಡುಗೋಡೆ. ಹಳೇ ಪೇಟೆಯಲ್ಲಿ ಅಂಗಡಿಗಳಿಗೆ ಹಲಗೆ ಬಾಗಿಲು ಇರುತ್ತಿತ್ತಲ್ಲ, ಮೇಲೆ ಕೆಳಗೆ ತೋಡು ಕೊರೆದು ಒಂದೊಂದೇ ಹಲಗೆ ಕೂರಿಸುವುದು, ಹಲಗೆಗೆ ಒಂದು, ಎರಡು, ಮೂರು ಅಂತ ನಂಬರು. ಅದನ್ನೇ ಮಾಡಬಹುದು. ಮಡಚುವ ಬಾಗಿಲಿನ ಕಬ್ಬಿಣದ ಚಕ್ರ ಮಳೆಗಾಲದಲ್ಲಿ ತುಕ್ಕು ಹಿಡಿದು ಕೂರುತ್ತದೆ, ಆಮೇಲೆ ಯಾರೂ ರಿಪೇರಿ ಮಾಡುವುದಿಲ್ಲ. ಹಲಗೆಗೆ ಕೆಡುವಂಥದ್ದು ಏನೂ ಇಲ್ಲ. ಟೀಚರಮ್ಮ ಹೇಳಿದ ಶಬ್ದಕ್ಕೆ ಎರಡು ಸಾಲು ಹಲಗೆ, ನಡುವೆ ನಾಲ್ಕು ಇಂಚು ಬಿಟ್ಟು ತೆಂಗಿನ ನಾರಿನ ಹಾಸು. ತೊಲೆಯಿಂದ ಮೇಲೆ ಹೆಂಚಿನವರೆಗೆ ತ್ರಿಕೋನದ ಜಾಗವನ್ನು ಖಾಯಂ ಮುಚ್ಚಿಬಿಡೋಣ, ಅದನ್ನು ತೆಗೆಯುವ ಕೆಲಸ ಇಲ್ಲವಲ್ಲ.

ದಕ್ಷಿಣದ್ವೀಪ:

ಆಚಾರ್ರೇ, ಎರಡು ಸಾಲು ಹಲಗೆಯ ಮಾತು ತುಂಬ ಸರಿ. ಒಂದು ಸೇರಿಸುತ್ತೇನೆ. ಹಲಗೆ ಹಲಗೆಯ ನಡುವೆ ಸಂದಿ ಇದ್ದರೆ ಉಳಿದದ್ದೆಲ್ಲ ವ್ಯರ್ಥ, ಶಬ್ದ ಅಲ್ಲಿಂದಲೇ ನುಗ್ಗುತ್ತದೆ. ಅಂಚಿಗೆ ಒಂದರೊಳಗೊಂದು ಕೂರುವ ಹಾಗೆ ತೋಡು ತೆಗೆಯಿರಿ. ಪಾಠ ನಡೆಯುವಾಗ ಕೋಣೆಯೊಳಗೆ ಕೇಳುವ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅಷ್ಟು ಮುಟ್ಟುವುದು ಕಷ್ಟ, ಆದರೂ ಗುರಿ ಅದೇ ಇರಲಿ.

ತೋಟದಮನೆ:

ಕೊಪ್ಪದ ಕಡೆ ಕಾಫಿ ತೋಟ ನಮ್ಮದು. ಸಿಲ್ವರ್ ಓಕ್ ಬೇಕಾದಷ್ಟಿದೆ. ಅದಕ್ಕೆ ಕಡಿಯುವ ಅನುಮತಿಯ ತಲೆಬಿಸಿಯೂ ಇಲ್ಲ, ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಶಾಲೆಗೆ ಅಂದರೆ ಹತ್ತಾರು ಮರ ಕೊಡಲು ನಾವು ಸಿದ್ಧ. ಕಂಬಕ್ಕೆ ಆಗುತ್ತದೆಯಾ?

ಉಳಿಬಾಚಿ:

ದೊಡ್ಡ ಮನಸ್ಸು ಸರ್. ಆದರೆ ಕಂಬಕ್ಕೆ ಬೇಡ. ಸಿಲ್ವರ್ ಓಕ್‌ಗೆ ಹುಳ, ಗೆದ್ದಲು ಬೇಗ ಬೀಳುತ್ತದೆ. ನಡುಗೋಡೆಯ ಹಲಗೆಗೆ, ಬೆಂಚು, ಕಪಾಟು, ಮುಚ್ಚಿಗೆಗೆ ಬಹಳ ಚೆನ್ನಾಗಿರುತ್ತದೆ. ಹಗುರ, ಮಕ್ಕಳೂ ಎತ್ತಬಹುದು. ಕಂಬಕ್ಕೆ ಹಳೇ ತೊಲೆಗಳನ್ನೇ ಬಳಸೋಣ. ಸಾಲದಿದ್ದರೆ ನೆಡುತೋಪಿನ ಅಕೇಶಿಯ ಬಲಿತದ್ದು ನೋಡಬಹುದು. ತೇಗ ಬೇಕೇ ಬೇಕು ಅಂದರೆ ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ಹರಾಜಿಗೆ ಹೋಗಿ, ಖಾಸಗಿಯವರ ಹತ್ತಿರ ಕಾಗದ ಇಲ್ಲದ ಮರ ಮುಟ್ಟಬೇಡಿ.

ತುಂಗೆಮಗಳು:

ಔಷಧಿ ಹಾಕಿದ ಮರ ಅಂದಿರಲ್ಲ, ಅದನ್ನು ಮಕ್ಕಳು ಮುಟ್ಟಿದರೆ ಪರವಾಗಿಲ್ವಾ? ಚಿಕ್ಕವರು ಎಲ್ಲದಕ್ಕೂ ಬಾಯಿ ಹಾಕುತ್ತಾರೆ.

ಅಂದಾಜುಪಟ್ಟಿ:

ಕೇಳಬೇಕಾದದ್ದೇ. ಹಿಂದೆಲ್ಲ ಹೆಚ್ಚು ಬಳಸುತ್ತಿದ್ದದ್ದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ. ಕೆಲಸ ಮಾಡುತ್ತದೆ, ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲಿ 2003ರ ಕೊನೆಗೆ ಮನೆ, ಆಟದ ಮೈದಾನಗಳ ಮರಕ್ಕೆ ಅದನ್ನು ನಿಲ್ಲಿಸಿದರು. ಮಕ್ಕಳ ಕೈಗೆ ಸಿಗುವ ಕಡೆ ಅದು ಬೇಡ. ಮಾಡಿನ ಕೆಳಗೆ ಒಣಗಿರುವ ಮರಕ್ಕೆ ಬೋರಾನ್ ಔಷಧಿ ಸಾಕು. ಅದು ನೀರಿಗೆ ತೊಳೆದು ಹೋಗುತ್ತದೆ, ಹಾಗಾಗಿ ಮಳೆ ತಾಗುವ ಜಾಗಕ್ಕೆ ಹೊಂದುವುದಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಯಾವ ಜಾತಿಯ ಮರ, ಯಾವ ಔಷಧಿ ಅಂತ ಅವರನ್ನು ಕೇಳಿ, ಒಂದು ತುಂಡು ತೆಗೆದುಕೊಂಡು ಹೋಗಿ.

ಬಯಲುಸೀಮೆ:

ಓದುತ್ತಾ ಓದುತ್ತಾ ಒಂದು ವಿಷಯ ಒಪ್ಪಿದೆ. ತೋಟದ ಮರ, ಹಳೇ ಮರ ಆದರೆ ನನ್ನ ತಕರಾರಿಲ್ಲ. ಆದರೆ ಇದು ಮಲೆನಾಡಿಗೆ ಸರಿ. ನಮ್ಮ ಹೊನ್ನಾಳಿ, ಹರಿಹರದ ಕಡೆ ಇದನ್ನೇ ತಂದು ಇಡಬೇಡಿ. ನಮಗೆ ಬಿಸಿಲಿಗೆ ದಪ್ಪ ಗೋಡೆಯೇ ತಂಪು.

ಕಲಿಕಾಚಪ್ಪರ:

ಅದು ನಿಜ. ನಾನು ಕೇಳುವುದು ಇನ್ನೊಂದೇ. ಕಟ್ಟುವಾಗ ಮಕ್ಕಳು ಎಲ್ಲಿ ಕೂರುತ್ತಾರೆ? ಒಂದು ಇಡೀ ವರ್ಷ ಸಮುದಾಯ ಭವನದಲ್ಲಿ ಕೂರಿಸಿದರೆ ಅರ್ಧ ಮಕ್ಕಳು ಬೇರೆ ಶಾಲೆಗೆ ಹೋಗಿಬಿಡುತ್ತಾರೆ. ಹೋದವರು ವಾಪಸ್ ಬರುವುದು ಕಡಿಮೆ.

ಗದ್ದೆಬದು:

ಇವತ್ತು ಸಂಜೆ ಆರ್ಕಿಟೆಕ್ಟ್, ಹೆಡ್‌ಮಾಸ್ಟರ್, ನಾವು ನಾಲ್ಕು ಜನ ಕೂತು ಇದನ್ನೆಲ್ಲ ಓದಿದೆವು. ಕೆಲವು ವಿಷಯ ತೀರ್ಮಾನವಾಯಿತು.

ಮಕ್ಕಳು ಆವರಣ ಬಿಟ್ಟು ಹೋಗುವುದಿಲ್ಲ. ಮೊದಲು ಹಿಂದಿನ ಶೀಟಿನ ಕೊಠಡಿ ತೆಗೆದು ಆ ಜಾಗದಲ್ಲಿ ಒಂದು ಕಟ್ಟಡ. ಅದು ಮುಗಿದು ಮಕ್ಕಳು ಒಳಗೆ ಕೂತ ಮೇಲೇ ಮುಂದಿನ ಹಳೇ ಕಟ್ಟಡ ಮುಟ್ಟುವುದು. ಇದರಿಂದ ಒಂದು ತೊಡಕು ಬಂತು. ಮೊದಲ ಕಟ್ಟಡಕ್ಕೆ ಹಳೇ ತೊಲೆ ಸಿಗುವುದಿಲ್ಲ. ಅದಕ್ಕೆ ಬೇರೆ ಮರ ಹೊಂದಿಸಬೇಕು. ಬಿರುಕು ಬಿಟ್ಟ ಬದಿಯ ಎರಡು ಅಂಕಣದಲ್ಲಿ ಈಗಲೂ ಮಕ್ಕಳನ್ನು ಕೂರಿಸುತ್ತಿಲ್ಲ. ಅಷ್ಟನ್ನು ಮಾತ್ರ ಮೊದಲೇ ಬಿಚ್ಚಿಸಿದರೆ ಕೆಲವು ತೊಲೆ ಸಿಗುತ್ತವೆ. ಅದರ ಅರ್ಜಿ ಬರೆದಾಯಿತು, ಮರುಬಳಕೆಯ ಮಾತು ಅದರಲ್ಲೇ ಇದೆ.

ನಡುಗೋಡೆ ಹಲಗೆಯದ್ದೇ, ಎರಡು ಸಾಲು, ಮಾಡಿನವರೆಗೆ. ಮೂರು ಕೋಣೆಗಳಲ್ಲಿ ಒಂದು ನಡುಗೋಡೆ ಮಾತ್ರ ತೆಗೆಯುವಂಥದ್ದು, ಇನ್ನೊಂದು ಖಾಯಂ. ಆರ್ಕಿಟೆಕ್ಟ್‌ಗೆ ಎರಡೂ ತೆಗೆಯುವಂತಿರಲಿ ಅಂತ ಆಸೆ ಇತ್ತು. ಹೆಡ್‌ಮಾಸ್ಟರ್ ಒಪ್ಪಲಿಲ್ಲ, ನನಗೂ ಅವರ ಮಾತೇ ಸರಿ ಅನ್ನಿಸಿತು. ಆದರೆ ಖಾಯಂ ಗೋಡೆಯೂ ಭಾರ ಹೊರುವುದಿಲ್ಲ. ಮುಂದೆ ಯಾರಿಗಾದರೂ ತೆಗೆಯಬೇಕು ಅನ್ನಿಸಿದರೆ ಮಾಡು ಹಾಗೇ ನಿಂತಿರುತ್ತದೆ.

ಅಡುಗೆಮನೆ ಈಗಿರುವ ಜಾಗದಿಂದ ಆವರಣದ ಇನ್ನೊಂದು ಮೂಲೆಗೆ ಹೋಗುತ್ತದೆ. ಬಡಿಸುವ ಅಕ್ಕಂದಿರಿಗೆ ಪಾತ್ರೆ ಹೊತ್ತು ನಡೆಯುವ ದೂರ ಜಾಸ್ತಿಯಾಗುತ್ತದೆ ಅಂತ ಅವರು ಬೇಸರ ಮಾಡಿಕೊಂಡರು. ಕುಂಭಕೋಣಂ ವಿಷಯ ಹೇಳಿದ ಮೇಲೆ ಅವರೇ ಸುಮ್ಮನಾದರು. ನಡುವೆ ಮಳೆ ತಾಗದ ಹಾಗೆ ಹೆಂಚಿನ ಓಣಿ ಬೇಕು ಅಂತ ಕೇಳಿದ್ದಾರೆ. ಕೊಡಲೇಬೇಕು.

ತೋಟದಮನೆ ಸರ್, ನಿಮ್ಮ ಸಿಲ್ವರ್ ಓಕ್ ಬೇಕು. ಯಾವಾಗ ಕಡಿಸಬೇಕು, ಎಷ್ಟು ದಿನ ಒಣಗಿಸಬೇಕು ಅನ್ನುವುದನ್ನು ಆಚಾರ್ರು ಹೇಳಬೇಕು.

ಉಳಿಬಾಚಿ:

ಮಳೆ ಪೂರ್ತಿ ನಿಂತ ಮೇಲೆ ಕಡಿಸಿ, ಮಾಗಿ ಚಳಿಯಲ್ಲಿ. ಕಡಿದ ಮರ ತೋಟದಲ್ಲಿ ಬಿದ್ದಿರಬಾರದು, ಸಿಲ್ವರ್ ಓಕ್‌ಗೆ ಬೇಗ ಹುಳ ಹತ್ತುತ್ತದೆ. ವಾರದೊಳಗೆ ಮಿಲ್ಲಿಗೆ ಹಾಕಿ ಒಂದೂಕಾಲು ಇಂಚಿಗೆ ಸೀಳಿಸಿ, ಬೋರಾನ್ ನೀರಿನಲ್ಲಿ ಅದ್ದಿ ತೆಗೆಯಿರಿ. ಹಲಗೆ ಹಲಗೆಯ ನಡುವೆ ರೀಪು ಇಟ್ಟು, ಗಾಳಿ ಆಡುವ ಹಾಗೆ ಅಟ್ಟಿ ಒಟ್ಟಬೇಕು. ಮೇಲೆ ನೆರಳು, ಕೆಳಗೆ ಕಲ್ಲು. ಹಲಗೆಯ ತುದಿಗಳಿಗೆ ಬಣ್ಣ ಬಳಿಯಿರಿ, ಇಲ್ಲದಿದ್ದರೆ ಸೀಳು ಬಿಡುತ್ತದೆ. ಮುಂದಿನ ಮಳೆಗಾಲ ಬರುವ ಮೊದಲು ಒಣಗಿದ್ದನ್ನು ಶಾಲೆಯ ಹಳೇ ಕಟ್ಟಡದೊಳಗೆ ತಂದಿಡಿ. ಕೂಡಿಸುವ ಕೆಲಸ ಅದರ ಮುಂದಿನ ಬೇಸಿಗೆ ರಜೆಗೆ. ಅವಸರ ಮಾಡಿ ಹಸಿ ಹಲಗೆ ಕೂರಿಸಿದರೆ ಒಣಗಿ ಕುಗ್ಗುತ್ತದೆ, ದಕ್ಷಿಣದ್ವೀಪದವರು ಹೇಳಿದ ಸಂದಿ ಅಲ್ಲೇ ಬರುತ್ತದೆ.